ಅಂಟಿಸಲು ಅವಸರ ಬೇಡ

ಪ್ರೀತಿಯ ಪುಟ್ಟಿ,

ಕಾಗದದ ಚೂರುಗಳನ್ನು ಅಂಟಿಸಿ ನೀನು ಮಾಡಿದ ಕೊಲಾಜ್‌ನ ಫೋಟೋ ನೋಡಿದೆ. "ಇದರ ಅರ್ಥ ನನಗೇ ಗೊತ್ತಿಲ್ಲಮ್ಮ" ಅಂದಿದ್ದೀಯಲ್ಲ, ಗೊತ್ತಿರಲೇಬೇಕು ಅಂತೇನಿಲ್ಲ. ರೈಲಿನ ವೇಳಾಪಟ್ಟಿಯ ಚೂರಿನ ಮೇಲೆ ಹಕ್ಕಿಯ ರೆಕ್ಕೆ ಇಟ್ಟಿದ್ದೀಯ. ಬೇರೆಬೇರೆ ಇದ್ದಾಗ ಎರಡೂ ಬರೀ ಕಾಗದ. ಪಕ್ಕಪಕ್ಕ ಕೂತ ಕೂಡಲೇ ಯಾರೋ ಊರು ಬಿಟ್ಟು ಹೊರಟಿದ್ದಾರೆ ಅನಿಸಿತು ನನಗೆ. ನೀನು ಅದನ್ನು ಹೇಳಿಲ್ಲ, ಆದರೂ ಅಲ್ಲಿದೆ.

1912ರಲ್ಲಿ ಫ್ರಾನ್ಸಿನ ಚಿತ್ರಕಾರ ಜಾರ್ಜ್ ಬ್ರಾಕ್, ಮರದ ಗೆರೆಗಳನ್ನು ಅಚ್ಚು ಹಾಕಿದ ಗೋಡೆಕಾಗದವನ್ನು ಕತ್ತರಿಸಿ ತನ್ನ ಇದ್ದಿಲಿನ ಚಿತ್ರಕ್ಕೆ ಅಂಟಿಸಿದ. ನೋಡುವವರಿಗೆ ಅದು ಮರವೂ ಹೌದು, ಕಾಗದವೂ ಹೌದು. ಬರ್ಲಿನ್ನಿನ ಕಲಾವಿದೆ ಹಾನಾ ಹೋಖ್ ಪತ್ರಿಕೆಗಳ ಫೋಟೋ ಕತ್ತರಿಸಿ, ರಾಜಕಾರಣಿಯ ತಲೆಯನ್ನು ನರ್ತಕಿಯ ಮೈಗೆ ಕೂರಿಸಿದಳು. ಅಷ್ಟರಲ್ಲೇ ಅಧಿಕಾರದ ಗತ್ತನ್ನು ಇಳಿಸಿಬಿಟ್ಟಳು. ಅವಳ ಧೈರ್ಯ ನನಗೆ ತುಂಬಾ ಇಷ್ಟ.

ಆದರೆ ನೀನು ಕಲಿಯಬೇಕಾದದ್ದು ಫ್ರಾನ್ಸಿನ ಇನ್ನೊಬ್ಬ ಚಿತ್ರಕಾರ ಆನ್ರಿ ಮತೀಸ್‌ನಿಂದ. 1941ರಲ್ಲಿ ದೊಡ್ಡ ಆಪರೇಷನ್ ಆದಮೇಲೆ ಅವನಿಗೆ ಹೆಚ್ಚು ಹೊತ್ತು ನಿಲ್ಲಲು ಆಗುತ್ತಿರಲಿಲ್ಲ. ಸಹಾಯಕರು ಕಾಗದಕ್ಕೆ ಬಣ್ಣ ಬಳಿದು ಕೊಡುತ್ತಿದ್ದರು. ಅವನು ಕುಳಿತಲ್ಲೇ ಕತ್ತರಿ ಆಡಿಸುತ್ತಿದ್ದ. ಚೂರುಗಳನ್ನು ಗೋಡೆಗೆ ಪಿನ್ ಮಾಡಿಸಿ, ನೋಡಿ, ಸರಿಸಿ, ಮತ್ತೆ ನೋಡುತ್ತಿದ್ದ. ಗೋಂದಿನ ಕೆಲಸ ಆಮೇಲೆ.

ನೀನು ಬೇಗ ಅಂಟಿಸಿಬಿಡುತ್ತೀಯ, ಅಲ್ವಾ? ಬಲಗಡೆಯ ಮೂಲೆ ನೋಡಿದರೆ ಗೊತ್ತಾಗುತ್ತದೆ. ಜಾಗ ಖಾಲಿ ಕಂಡಿತು ಅಂತ ಸುಮ್ನೆ ತುಂಬಿದ್ದೀಯ. ಚೂರುಗಳನ್ನು ಒಂದೆರಡು ದಿನ ಹಾಗೇ ಬಿಡು. ಒಂದನ್ನು ಬೆರಳಿನಷ್ಟು ಸರಿಸು, ಇನ್ನೊಂದನ್ನು ತಲೆಕೆಳಗು ಮಾಡು. ಅರ್ಥ ಬದಲಾಗುವುದು ನಿನಗೇ ಕಾಣುತ್ತದೆ. ಕೆಲವನ್ನು ಕತ್ತರಿಸುವ ಬದಲು ಕೈಯಲ್ಲಿ ಹರಿ. ಬಣ್ಣದ ಅಚ್ಚಿನ ಕಾಗದ ಹರಿದರೆ ಅಂಚಿನಲ್ಲಿ ಬಿಳಿ ಎಳೆ ಕಾಣುತ್ತದೆ. ಕತ್ತರಿಯ ಗೆರೆಗೆ ಆ ನೋವು ಬರುವುದಿಲ್ಲ.

ಗೋಂದು ತೆಳ್ಳಗಿರಲಿ. ಜಾಸ್ತಿಯಾದರೆ ಕಾಗದ ಹಿಗ್ಗಿ ಸುಕ್ಕಾಗುತ್ತದೆ. ನ್ಯೂಸ್‌ಪೇಪರ್ ಬೆಳಕಿಗೆ ಹಳದಿಯಾಗುತ್ತದೆ, ಅದರಲ್ಲಿ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನುವ ವಸ್ತು ಉಳಿದಿರುತ್ತದೆ. ಹಳದಿಯಾಗುವುದು ಬೇಡವಾದರೆ ಒಳ್ಳೆಯ ಕಾಗದದ ಮೇಲೆ ಪ್ರಿಂಟ್ ತೆಗೆದು ಬಳಸು. ನನ್ನನ್ನು ಕೇಳಿದರೆ ಹಳದಿಯಾಗಲಿ ಅನ್ನುತ್ತೇನೆ. ಆ ಚಿತ್ರಕ್ಕೂ ವಯಸ್ಸಾಗಲಿ ಬಿಡು.

ಮುಂದಿನದನ್ನು ಅಂಟಿಸುವ ಮುಂಚೆಯೇ ಫೋಟೋ ಕಳಿಸು.

ಇಂತಿ,
ಅಮ್ಮ