ಬೈಕ್ ಇಳಿದು ಪಕ್ಕದ ಸೀಟಿಗೆ

ಚಿ. ಸಿಂಧುವಿಗೆ ಸೋದರಮಾವನ ಆಶೀರ್ವಾದಗಳು.

ಬೈಕ್ ರೇಸಿಂಗ್ ಬಿಟ್ಟು ರ‍್ಯಾಲಿಯಲ್ಲಿ ಕೋ-ಡ್ರೈವರ್ (ಡ್ರೈವರ್ ಪಕ್ಕದಲ್ಲಿ ಕೂತು ದಾರಿಯ ನೋಟ್ಸ್ ಓದಿ ಹೇಳುವವಳು) ಆಗುವ ನಿನ್ನ ಯೋಚನೆಯಲ್ಲಿ ಹುಚ್ಚೇನೂ ಇಲ್ಲ. ಇಟಲಿಯ ಕೋ-ಡ್ರೈವರ್ ಫಾಬ್ರಿಜಿಯಾ ಪೋನ್ಸ್ ಕೂಡ ಮಣ್ಣಿನ ಹಾದಿಯ ಬೈಕ್ ರೇಸಾದ ಮೋಟೊಕ್ರಾಸ್‌ನಿಂದಲೇ ಬಂದವರು. ಡ್ರೈವರ್ ಮಿಶೆಲ್ ಮೂಟಾನ್ ಜೊತೆ 1981ರ ಸಾನ್ರೆಮೊ ರ‍್ಯಾಲಿ ಗೆದ್ದರು, 1997ರಲ್ಲಿ ಪಿಯೆರೊ ಲಿಯಾಟಿ ಜೊತೆ ಮಾಂಟೆ ಕಾರ್ಲೊ.

ಬೈಕಿನಲ್ಲಿ ನಿನ್ನನ್ನು ಕಾಪಾಡಿದ ಅಭ್ಯಾಸವೇ ಇಲ್ಲಿ ಅಡ್ಡ ಬರುತ್ತದೆ. ಅಲ್ಲಿ ಕಣ್ಣು ಮುಂದಿನ ತಿರುವಿನಲ್ಲಿ, ಇಲ್ಲಿ ನೋಟ್ಸ್ ಪುಸ್ತಕದಲ್ಲಿ. ಕಾರು ಎಲ್ಲಿದೆ ಎಂಬುದು ಸೊಂಟಕ್ಕೆ, ಬೆನ್ನಿಗೆ ತಿಳಿಯಬೇಕು. ಹಿಂಚಕ್ರ ಜಾರುವುದನ್ನು ಸೀಟಿನಿಂದಲೇ ಅರಿಯುವವಳಿಗೆ ಇದು ಬೇಗ ಒಲಿಯುತ್ತದೆ. ತಲೆ ತಗ್ಗಿಸಿ ಓದಿದರೆ ಹೊಟ್ಟೆ ತೊಳಸುವುದು ಮಾತ್ರ ಬೇರೆ ಸಂಗತಿ. ಯಾರಾದರೂ ಓಡಿಸುವ ಕಾರಿನಲ್ಲಿ ಕೂತು ಓದಿ ಓದಿ ರೂಢಿಸಿಕೋ.

ರೆಕ್ಕಿಯಲ್ಲಿ (ಸ್ಪರ್ಧೆಗೆ ಮುಂಚೆ ದಾರಿ ನೋಡಿ ನೋಟ್ಸ್ ಬರೆಯುವ ಸುತ್ತು) ಸಾಮಾನ್ಯವಾಗಿ ಒಂದು ಸ್ಟೇಜಿಗೆ (ಸಮಯ ಅಳೆದು ಓಡಿಸುವ ಒಂದು ತುಂಡು ರಸ್ತೆ) ಎರಡೇ ಸಲ ಅವಕಾಶ. ಮೊದಲ ಸಲ ಡ್ರೈವರ್ ಹೇಳಿದ್ದನ್ನು ಬರೆ, ಎರಡನೆಯ ಸಲ ಗಟ್ಟಿಯಾಗಿ ಓದಿ ತಿದ್ದು. ಪೆನ್ಸಿಲ್ಲೇ ಇರಲಿ, ಪೆನ್ನಿನ ಶಾಯಿ ನೀರು ಬಿದ್ದರೆ ಹರಡುತ್ತದೆ, ತಿದ್ದಲೂ ಬರುವುದಿಲ್ಲ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆ. ತಿರುವಿಗೆ ಕೊಡುವ ಅಂಕಿ ಕೆಲವರಿಗೆ 1 ಎಂದರೆ ಅತಿ ಬಿಗಿ, ಕೆಲವರಿಗೆ ಅತಿ ಸಲೀಸು. ಡ್ರೈವರ್ ಹೇಗೆ ಯೋಚಿಸುತ್ತಾರೋ ಅದೇ ನಿನ್ನ ಲೆಕ್ಕ. ರೆಕ್ಕಿಯಲ್ಲಿ ನಿಧಾನವಾಗಿ ಹೋಗುವುದರಿಂದ ರಸ್ತೆಯ ದಿಬ್ಬಗಳು ಸಾಧುವಾಗಿ ಕಾಣುತ್ತವೆ. ಅವುಗಳ ಆಚೆ ರಸ್ತೆ ಎತ್ತ ಹೊರಳುತ್ತದೆ ಎಂಬುದನ್ನು ಬಿಡದೆ ಬರೆ.

ಓದುವಾಗ ಕಾರು ಒಂದು ತಿರುವಿಗೆ ಇಳಿಯುವಷ್ಟರಲ್ಲಿ ಮುಂದಿನದು ಡ್ರೈವರ್ ಕಿವಿಗೆ ಬಿದ್ದಿರಬೇಕು. ತೀರಾ ಮುಂಚೆ ಹೇಳಿದರೆ ಮರೆಯುತ್ತಾರೆ. ಸಾಲು ತಪ್ಪಿತೋ, ಊಹಿಸಿ ಓದಬೇಡ. "ತಪ್ಪಿತು" ಎಂದು ಆ ಕ್ಷಣವೇ ಹೇಳು, ಅವರು ಕಣ್ಣಳತೆಯಲ್ಲಿ ಓಡಿಸಲಿ. ಗುರುತಿನ ಜಂಕ್ಷನ್ ಬಂದಾಗ ಮತ್ತೆ ಹಿಡಿ. ದೂರ ಅಳೆಯುವ ಟ್ರಿಪ್‌ಮೀಟರನ್ನೇ ನೆಚ್ಚಬೇಡ, ಮಣ್ಣಿನಲ್ಲಿ ಚಕ್ರ ಸುಮ್ಮನೆ ತಿರುಗಿದಷ್ಟೂ ಅದು ಹೆಚ್ಚು ತೋರಿಸುತ್ತದೆ.

ರ‍್ಯಾಲಿ ಕೈತಪ್ಪುವುದು ಎಷ್ಟೋ ಸಲ ಟೈಮ್ ಕಂಟ್ರೋಲ್‌ನಲ್ಲಿ. ಅದು ಗೊತ್ತಾದ ನಿಮಿಷಕ್ಕೆ ಟೈಮ್ ಕಾರ್ಡ್ ಕೊಟ್ಟು ಸಮಯ ಬರೆಸುವ ಠಾಣೆ. ಹಿಂದಿನ ಠಾಣೆಯಲ್ಲಿ ಬರೆದ ಸಮಯ 10:42, ಮುಂದಿನದನ್ನು ತಲುಪಲು ಕೊಟ್ಟದ್ದು 23 ನಿಮಿಷ ಎಂದಿಟ್ಟುಕೋ. ಕಾರ್ಡ್ ಕೊಡಬೇಕಾದದ್ದು 11:05ರ ಆ ಒಂದು ನಿಮಿಷದೊಳಗೆ. ಎಫ್‌ಐಎ (ಮೋಟರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದಲ್ಲಿ ತಡವಾದರೆ ನಿಮಿಷಕ್ಕೆ 10 ಸೆಕೆಂಡ್ ದಂಡ, ಬೇಗ ಕೊಟ್ಟರೆ ನಿಮಿಷಕ್ಕೆ ಪೂರ್ತಿ 1 ನಿಮಿಷ. ಅವಸರಕ್ಕೇ ದುಬಾರಿ ಶಿಕ್ಷೆ! ಠಾಣೆಯ ಮಾರ್ಷಲ್ ಕಾರ್ಡಿನಲ್ಲಿ ಬರೆದದ್ದನ್ನು ಅಲ್ಲೇ ಓದಿ ನೋಡು. ಮುಂದಕ್ಕೆ ಹೋದ ಮೇಲೆ ತಿದ್ದಿಸುವುದು ತಲೆನೋವು.

ಬೈಕಿನವರಿಗೆ ಬೆಲ್ಟ್ ಹೊಸದು. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಮೊದಲು ಅದನ್ನು ಬಿಗಿದು, ಆಮೇಲೆ ಹೆಗಲಿನದು. ಸ್ಟೇಜಿನಲ್ಲಿ ಕಾರು ನಿಂತರೆ ಕೆಂಪು ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಟ್ಟು, ಹಿಂದೆ ಬರುವವರಿಗೆ ಎಲ್ಲರೂ ಕ್ಷೇಮ ಎನ್ನುವ ಓಕೆ ಫಲಕ ತೋರಿಸು; ಗಾಯವಾಗಿ ವೈದ್ಯರು ಬೇಕಿದ್ದರಷ್ಟೇ ಎಸ್‌ಒಎಸ್. ಎರಡೂ ಕೈಗೆಟಕುವಲ್ಲಿವೆಯೇ ಎಂದು ಹೊರಡುವ ಮುಂಚೆ ಮುಟ್ಟಿ ನೋಡು.

ಮೊದಲ ವರ್ಷ ವೇಗದ ಡ್ರೈವರಿಗಿಂತ ಕಾರನ್ನು ಕೊನೆಯವರೆಗೆ ತರುವವರ ಜೊತೆ ಕೂರು. ಅರ್ಧಕ್ಕೇ ನಿಂತರೆ ಮುಂದಿನ ಸ್ಟೇಜುಗಳನ್ನು ಓದುವ ಅವಕಾಶವೇ ಇರುವುದಿಲ್ಲ. ಮೊದಲ ರೆಕ್ಕಿಯ ನೋಟ್ಸಿನ ಫೋಟೊ ಕಳಿಸು, ನೋಡಿ ಹೇಳುತ್ತೇನೆ.

ಇತಿ,
ನಿನ್ನ ಮಾವ