‘ಬಂದರು’ ಮತ್ತು ‘ಬಂದ’

ಪ್ರೀತಿಯ ತಂಗಿ,

ಕತೆ ಓದಿದೆ. ಇಳಕಲ್ಲಿನ ಮಗ್ಗದ ಮನೆ ಕಣ್ಣಿಗೆ ಕಟ್ಟಿದೆ. ಆದರೆ ಎರಡನೇ ಪುಟದ ಈ ಸಾಲು ನೋಡು: ‘ಕುಲಕರ್ಣಿ ಮಾಸ್ತರರು ಬಂದರು. ಹಿಂದಿನಿಂದ ಹಡಪದ ಮಲ್ಲ ಬಂದ.’ ಇಬ್ಬರೂ 60 ದಾಟಿದವರೆಂದು ನೀನೇ ಬರೆದಿದ್ದೀಯ. ಇಲ್ಲಿ ಮಾತಾಡುತ್ತಿರುವವಳು ನಿರೂಪಕಿ. ಒಬ್ಬರಿಗೆ ಬಹುವಚನ, ಇನ್ನೊಬ್ಬರಿಗೆ ಏಕವಚನ ಹಂಚಿದವಳೂ ಅವಳೇ.

‘ನನ್ನಲ್ಲಿ ಪೂರ್ವಗ್ರಹ ಇದೆಯಾ?’ ಎಂದು ಕೇಳಿಕೊಂಡರೆ ಉತ್ತರ ಸಿಗದು. ಪರರಲ್ಲಿ ಕಾಣುವಷ್ಟು ಪೂರ್ವಗ್ರಹ ಜನರಿಗೆ ತಮ್ಮಲ್ಲಿ ಕಾಣುವುದಿಲ್ಲವೆಂದು ಮನಶ್ಶಾಸ್ತ್ರಜ್ಞೆ ಎಮಿಲಿ ಪ್ರೊನಿನ್ ಮತ್ತು ಸಂಗಡಿಗರು 2002ರಲ್ಲೇ ತೋರಿಸಿದ್ದಾರೆ. ಹಾಗಂತ ಅದು ನಮ್ಮ ಕೈಗೆ ಎಟುಕದ್ದೆಂದು ಬಿಟ್ಟುಬಿಡಬೇಡ. ಆಂಥನಿ ಗ್ರೀನ್‌ವಾಲ್ಡ್ ತಂಡ 1998ರಲ್ಲಿ ಮನಸ್ಸಿನೊಳಗೆ ಅಡಗಿದ ಒಲವನ್ನು ಹಿಡಿಯುವ ಒಂದು ಪರೀಕ್ಷೆ ಪ್ರಕಟಿಸಿತು: ಪದ, ಚಿತ್ರಗಳನ್ನು ಎರಡು ಕೀಲಿಯಲ್ಲಿ ವಿಂಗಡಿಸುವಾಗ ಬೆರಳು ಎಷ್ಟು ಮಿಲಿಸೆಕೆಂಡು ತಡೆಯುತ್ತದೆಂದು ಅಳೆಯುವುದು. ಈ ಪರೀಕ್ಷೆಯಲ್ಲಿ ನಿಮ್ಮ ಫಲಿತಾಂಶವನ್ನು ಮೊದಲೇ ಊಹಿಸಿ ಎಂದು 2014ರಲ್ಲಿ ಆಡಮ್ ಹಾನ್ ತಂಡ ಕೇಳಿದಾಗ ಜನರ ಊಹೆ ಬಹಳಷ್ಟು ಹೊಂದಿತು. ಒಬ್ಬರೇ ಎರಡು ಸಲ ಕೂತರೆ ಅಂಕ ಬದಲಾಗುವ ಪರೀಕ್ಷೆ ಅದು, ಅದರಿಂದ ಯಾರನ್ನೂ ತೂಗಬೇಡ. ನಮಗೆ ಬೇಕಾದದ್ದು ಇಷ್ಟೇ: ಬಿಡಿಸಿ ಕೇಳಿದರೆ ಮನಸ್ಸು ಹೇಳುತ್ತದೆ.

ಕರಡನ್ನು ಒಂದು ವಾರ ಮುಚ್ಚಿಡು. ಆಮೇಲೆ ಪ್ರಿಂಟ್ ತೆಗೆದು, ಓದುವ ಮೊದಲೇ ನಿನ್ನ ಊಹೆ ಬರೆ: ಯಾರಿಗೆ ಬಹುವಚನ, ಯಾರಿಗೆ ಹೆಸರೇ ಇಲ್ಲ. ನಂತರ ಬಹುವಚನದ ಕ್ರಿಯಾಪದಕ್ಕೆ ಕೆಂಪು ಗೆರೆ, ಏಕವಚನಕ್ಕೆ ನೀಲಿ ಗೆರೆ ಎಳೆದು ಎಣಿಸು. ಅಡ್ಡಹೆಸರುಗಳನ್ನು ಅದಲುಬದಲು ಮಾಡಿ ಗಟ್ಟಿಯಾಗಿ ಓದು. ‘ಹಡಪದ ಮಾಸ್ತರರು’ ಎನ್ನುವಾಗ ನಾಲಿಗೆ ತಡವರಿಸಿದರೆ ಅಲ್ಲೊಂದು ಗುರುತು ಹಾಕು.

ಮಾತಿನ ಧಾಟಿಯನ್ನೂ ನೋಡು, ನಮ್ಮ ಕಡೆಯ ಕತೆಗಳು ಹೆಚ್ಚು ಸೋಲುವುದು ಇಲ್ಲೇ. ಆಳಿನ ಬಾಯಲ್ಲಿ ‘ಏನ್ ಮಾಡಾಕತ್ತಿ’, ಡಾಕ್ಟರ ಬಾಯಲ್ಲಿ ಪುಸ್ತಕದ ಕನ್ನಡ. ವಿಜಯಪುರದ ಡಾಕ್ಟರು ಮನೆಯಲ್ಲಿ ಹಾಗೆ ಮಾತಾಡುತ್ತಾರೆಯೇ? ಬೆಳಗಾವಿ ಖಡೇಬಜಾರಿನ ಮರಾಠಿ ಮಾತಿನ ಅಂಗಡಿಯವನ ಕನ್ನಡ ನಗಿಸುವುದಕ್ಕಷ್ಟೇ ಬರುತ್ತಿದ್ದರೆ ಅದನ್ನೂ ಗುರುತಿಸು.

ತಿದ್ದುವಾಗ ಎಲ್ಲವನ್ನೂ ‘ಬಂದರು’ ಮಾಡಿಬಿಡಬೇಡ. ಊರಗೌಡ ‘ಬಾರೋ ಮಲ್ಲ’ ಅನ್ನುವುದು ನಿಜ, ಅದು ಅವನ ಬಾಯಲ್ಲೇ ಉಳಿಯಲಿ. ನಿರೂಪಕಿಯ ಬಾಯಿಂದ ಮಾತ್ರ ತೆಗೆ. ಮಲ್ಲಪ್ಪನನ್ನು ಸಂತನನ್ನಾಗಿಯೂ ಮಾಡಬೇಡ, ಸಿಟ್ಟು, ಲೆಕ್ಕಾಚಾರ ಅವನಿಗೂ ಇರಲಿ.

ನಾಲ್ಕನೇ ಪುಟದಲ್ಲಿ ಅವನ ಹೆಂಡತಿ ಮೂರು ಸಲ ಚಹಾ ತರುತ್ತಾಳೆ. ಆಕೆಗೊಂದು ಹೆಸರಿಟ್ಟು ಮತ್ತೆ ಕಳಿಸು.

ನಿನ್ನ
ಅಕ್ಕ