ಬಾಡಿ ಕ್ಯಾಮೆರಾದ ಮೊದಲ 30 ಸೆಕೆಂಡು: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಗೃಹ ಸಚಿವರಿಗೆ,

ಬೆಂಗಳೂರಿನ ಸಂಚಾರ ಪೊಲೀಸರು ಎದೆಯ ಮೇಲೆ ಕ್ಯಾಮೆರಾ ಧರಿಸಲು ಶುರುಮಾಡಿ ವರ್ಷಗಳೇ ಆದವು. ರಸ್ತೆ ಜಗಳವೊಂದರ 40 ಸೆಕೆಂಡಿನ ತುಣುಕು ವಾಟ್ಸ್‌ಆ್ಯಪ್‌ಗೆ ಬಂದರೆ ಸಾಕು, ತಪ್ಪು ಯಾರದೆಂದು ಸಂಜೆಯೊಳಗೆ ಊರೇ ತೀರ್ಮಾನಿಸಿಬಿಡುತ್ತದೆ. ಇಂಥ ದೃಶ್ಯವನ್ನು ಇಲಾಖೆ ಹೊರಗೆ ಬಿಡುವುದಕ್ಕೆ ಲಿಖಿತ ನಿಯಮ ಇರಲೇಬೇಕು ಎಂದು ಕೋರಿ ಈ ಪತ್ರ ಬರೆಯುತ್ತಿದ್ದೇವೆ.

ಅನೇಕ ಬಾಡಿ ಕ್ಯಾಮೆರಾಗಳು ಬಟನ್ ಒತ್ತುವ ಮೊದಲೂ ಚಿತ್ರೀಕರಿಸುತ್ತಲೇ ಇರುತ್ತವೆ. ಒತ್ತಿದಾಗ ಅದಕ್ಕೆ ಹಿಂದಿನ ಸುಮಾರು 30 ಸೆಕೆಂಡಿನ ದೃಶ್ಯವೂ ಉಳಿಯುತ್ತದೆ, ಸಾಮಾನ್ಯವಾಗಿ ಧ್ವನಿಯಿಲ್ಲದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 2017ರಲ್ಲಿ ಅಧಿಕಾರಿಯೊಬ್ಬರು ಮಾದಕವಸ್ತುವನ್ನು ಕಸದ ನಡುವೆ ಇಟ್ಟು, ಬೀದಿಗೆ ಬಂದು ಕ್ಯಾಮೆರಾ ಚಾಲೂ ಮಾಡಿ, ಹಿಂತಿರುಗಿ ಅದನ್ನು 'ಪತ್ತೆಹಚ್ಚಿದ್ದು' ಗೊತ್ತಾದದ್ದು ಈ ಮೂಕ ಸೆಕೆಂಡುಗಳಿಂದಲೇ. ಮರುವರ್ಷ ಸಾಕ್ಷ್ಯ ಸೃಷ್ಟಿಯ ಪ್ರಕರಣದಲ್ಲಿ ಅವರಿಗೆ ಶಿಕ್ಷೆಯೂ ಆಯಿತು. ಧ್ವನಿಯಿಲ್ಲದ ಭಾಗ ಬೇಸರ ತರಿಸುತ್ತದೆಂದು ಕತ್ತರಿಸಿದ್ದರೆ ನೋಡುಗರ ಕಣ್ಣಿಗೆ ಬೀಳುತ್ತಿದ್ದದ್ದು ಚುರುಕಾದ ಅಧಿಕಾರಿಯೊಬ್ಬರು ಮಾತ್ರ.

ಇನ್ನೊಂದು ತೊಡಕು, ಕ್ಯಾಮೆರಾ ಕೂತ ಜಾಗದ್ದು. ಎದೆಯ ಮೇಲಿನ ಲೆನ್ಸಿಗೆ ಎದುರಿನವರ ಮುಖ, ಕೈ, ಸಿಟ್ಟು ಎಲ್ಲವೂ ಕಾಣುತ್ತದೆ. ಅದನ್ನು ಧರಿಸಿದವರೇ ಕಾಣುವುದಿಲ್ಲ. ಒಂದೇ ಘಟನೆಯನ್ನು ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ನೋಡಿದವರಿಗಿಂತ ಬಾಡಿ ಕ್ಯಾಮೆರಾದಲ್ಲಿ ನೋಡಿದವರು 'ಪೊಲೀಸರು ಬೇಕೆಂದೇ ಮಾಡಿದ್ದು' ಎಂದು ಹೇಳುವುದು ಕಡಿಮೆ ಎಂದು 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಅಗಲ ಕೋನದ ಲೆನ್ಸಿನಲ್ಲಿ ಹತ್ತಿರ ಚಾಚಿದ ಕೈ ದೊಡ್ಡದಾಗಿಯೂ ಹತ್ತಡಿ ಆಚೆ ನಿಂತವರು ಇನ್ನೂ ದೂರದಲ್ಲಿ ಇದ್ದಂತೆಯೂ ಕಾಣುತ್ತದೆ. ತಳ್ಳಾಟ ಶುರುವಾದರೆ ಲೆನ್ಸೇ ಮುಚ್ಚಿಹೋಗುತ್ತದೆ. ಆಗ "ಯಾಕ್ರೀ ಮೈಮೇಲೆ ಬರ್ತೀರಾ" ಎಂಬ ಕೂಗೊಂದೇ ಕೇಳಿಸಿದರೂ, ಹಲ್ಲೆಯನ್ನು ಕಣ್ಣಾರೆ ಕಂಡೆವೆಂದೇ ನೋಡುಗರು ನಂಬುತ್ತಾರೆ. ನಿಧಾನಗತಿಯಲ್ಲಿ ತೋರಿಸುವುದೂ ಅಪಾಯಕಾರಿ: ಕ್ಷಣದಲ್ಲಿ ನಡೆದುಹೋದದ್ದು ಯೋಚಿಸಿ ಮಾಡಿದಂತೆ ಕಾಣುತ್ತದೆ.

ಆದ್ದರಿಂದ ದೃಶ್ಯ ಬಿಡುವುದಾದರೆ ಬಟನ್ ಒತ್ತುವ ಮೊದಲಿನ ಭಾಗದಿಂದ ಕ್ಯಾಮೆರಾ ಆಫ್ ಆಗುವವರೆಗೂ ಬಿಡಿ. ದೃಶ್ಯದ ಮೇಲೆ ಕಾಣುವ ದಿನಾಂಕ, ಸಮಯದ ಪಟ್ಟಿ ಅಳಿಸಬೇಡಿ. ಸ್ಥಳದಲ್ಲಿ ಮೂವರು ಸಿಬ್ಬಂದಿ ಇದ್ದರೆ ಮೂರೂ ಕ್ಯಾಮೆರಾಗಳ ದೃಶ್ಯ ಬೇಕು, ಹತ್ತಿರದ ಕಂಬದ ಸಿಸಿಟಿವಿಯದೂ ಸೇರಿ. ಕ್ಯಾಮೆರಾ ತಡವಾಗಿ ಚಾಲೂ ಆಗಿದ್ದರೆ ಕಾರಣವನ್ನು ಜೊತೆಯಲ್ಲೇ ಬರೆಯಬೇಕು. ಮಕ್ಕಳ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಹೊರಬೀಳದಂತೆ ಮುಖದ ಜೊತೆಗೆ ಧ್ವನಿ, ಮನೆಯ ಬಾಗಿಲು, ವಾಹನದ ನಂಬರನ್ನೂ ಮರೆಮಾಡಿ. ಈ ಮರೆಮಾಚುವಿಕೆಯನ್ನು ಪ್ರತಿಯ ಮೇಲಷ್ಟೇ ಮಾಡಬೇಕು. ಮೂಲ ಫೈಲಿನ ಹ್ಯಾಷ್ ಮೌಲ್ಯವನ್ನು (ಫೈಲಿನಿಂದ ಲೆಕ್ಕಹಾಕಿ ಪಡೆಯುವ, ಫೈಲ್ ಸ್ವಲ್ಪ ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ) ಕ್ಯಾಮೆರಾ ಡಾಕ್‌ಗೆ, ಅಂದರೆ ದೃಶ್ಯ ಇಳಿಸಿಕೊಳ್ಳುವ ಸಾಧನಕ್ಕೆ, ಬಂದ ದಿನವೇ ದಾಖಲಿಸಿಡಿ. ಡಿಜಿಟಲ್ ದಾಖಲೆಯನ್ನು ಕೋರ್ಟಿಗೆ ಸಾಕ್ಷ್ಯವಾಗಿ ಕೊಡುವಾಗ ಸಲ್ಲಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರಕ್ಕೆ ಅದು ಬೇಕೇ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊವಾಗಿ ಕಳಿಸಿದರೆ ಅದು ಕುಗ್ಗಿ, ಹ್ಯಾಷ್ ಬದಲಾಗುತ್ತದೆ.

ಠಾಣೆಯ ಸಿಸಿಟಿವಿ ದೃಶ್ಯವನ್ನು ಸಾಧ್ಯವಾದರೆ 18 ತಿಂಗಳು, ಕಡಿಮೆಯೆಂದರೆ ಒಂದು ವರ್ಷ ಉಳಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಹೇಳಿದೆ. ಬಾಡಿ ಕ್ಯಾಮೆರಾಕ್ಕೂ ಅದೇ ಅವಧಿಯನ್ನು ಸುತ್ತೋಲೆಯಲ್ಲಿ ನಿಗದಿಪಡಿಸಿ. ದೂರು ಬಂದ ಪ್ರಕರಣದ ಫೈಲ್, ಆ ದೂರು ಇತ್ಯರ್ಥವಾಗುವವರೆಗೆ ತಾನಾಗಿ ಅಳಿಸಿಹೋಗದಂತೆ ಲಾಕ್ ಆಗಿರಲಿ.

ಇಂತಿ,
ಡಿಜಿಟಲ್ ಸಾಕ್ಷ್ಯ ಪರಿಶೀಲನೆಯ ಕೆಲಸದಲ್ಲಿರುವವರು